ಸುಮಾ, ಅದನ್ನ ಬರೀ ಗ್ಯಾಸು ಅಂತ ಬಿಡಬೇಡ

ಹಲೋ... ರೆಕಾರ್ಡ್ ಆಗ್ತಿದೆ ತಾನೆ? ಸುಮಾ, ನಿನ್ನ ಮೆಸೇಜು ಈಗ ನೋಡಿದೆ. ಅಳಿಯಂದ್ರಿಗೆ 3 ವಾರದಿಂದ ಸಂಜೆ ಜ್ವರ, ರಾತ್ರಿ ಬೆವರು, ಊಟ ಸೇರಲ್ಲ, ಹೊಟ್ಟೆ ಉಬ್ಬರ. ಸ್ಕ್ಯಾನಿನಲ್ಲಿ ಲಿವರ್ರು, ಸ್ಪ್ಲೀನು ಅಂದ್ರೆ ಗುಲ್ಮ, ಸ್ವಲ್ಪ ದೊಡ್ಡದು. ‘ಗ್ಯಾಸಿನ ಮಾತ್ರೆ ಸಾಕಾ ದೊಡ್ಡಮ್ಮ’ ಅಂತ ಕೇಳ್ತೀಯ. ಹೋದ ತಿಂಗಳು ನಿಮ್ಮ ಹಸು ಕೆಂದಿ 7 ತಿಂಗಳಿಗೆ ಕಂದು ಹಾಕ್ತಲ್ಲ, ಗರ್ಭ ಹೋಯ್ತಲ್ಲ, ಸತ್ತೆ ಅಂದ್ರೆ ಮಾಸು ಎಳೆದಿದ್ದು ಯಾರು? ಅವರೇ ತಾನೆ, ಬರಿಗೈಯಲ್ಲಿ? ಅದನ್ನ ಡಾಕ್ಟರಿಗೆ ಹೇಳಿದ್ಯಾ?

ನನಗೆ ಅನುಮಾನ ಕಂದು ರೋಗದ್ದು, ದನದಿಂದ ನಮಗೆ ಅಂಟೋ ಬ್ರುಸೆಲ್ಲಾ. ಶಿವಣ್ಣ ಭಾವ ಅನುಭವಿಸಿದ್ದು ಇದನ್ನೇ ಕಣೆ. ಹೊಟ್ಟೆ ಉರಿ ಅಂತ ದಿನಾ ಗ್ಯಾಸಿನ ಮಾತ್ರೆ, ಮೇಲೆ ‘ತಂಪು’ ಅಂತ ಕೆಚ್ಚಲಿಂದ ಹಿಂಡಿದ ನೊರೆಹಾಲು. ಹೊಟ್ಟೆಯ ಹುಳಿ ಹಸಿ ಹಾಲಲ್ಲಿ ಬರೋ ಆ ಕ್ರಿಮಿಗಳನ್ನ ಒಂದಷ್ಟು ಕೊಲ್ಲುತ್ತೆ. ಮಾತ್ರೆ ನುಂಗಿ ಅದನ್ನೇ ಕಮ್ಮಿ ಮಾಡಿಕೊಂಡ್ರೆ ಬಾಗಿಲು ತೆಗೆದುಕೊಟ್ಟ ಹಾಗೆ. ಕ್ರಿಮಿ ಕರುಳಿನ ಗೋಡೆ ದಾಟಿ ಅಲ್ಲಿನ ದುಗ್ಧಗ್ರಂಥಿಗಳಿಗೆ, ಅಲ್ಲಿಂದ ಲಿವರ್ರು, ಸ್ಪ್ಲೀನಿಗೆ ಹೋಗಿ, ತನ್ನನ್ನ ತಿಂದುಹಾಕಬೇಕಾದ ಬಿಳಿ ರಕ್ತಕಣದ ಒಳಗೇ ಮನೆ ಮಾಡುತ್ತೆ. ಅದಕ್ಕೇ ಹೊಟ್ಟೆ ಭಾರ, ವಾಕರಿಕೆ. ಒಂದು ದಿನ ಮಲಬದ್ಧತೆ, ಇನ್ನೊಂದು ದಿನ ಭೇದಿ. ಭಾವನಿಗೆ ವೈಡಾಲ್ ರಕ್ತಪರೀಕ್ಷೆ ನೋಡಿ ಟೈಫಾಯಿಡ್ ಅಂದ್ರು. ಔಷಧಿಗೆ ಜ್ವರ ಇಳೀತು, ಮತ್ತೆ ಏರಿತು. ಹಾಗೇ 4 ತಿಂಗಳು! ಪಂಚೆ ಸೊಂಟದಲ್ಲಿ ನಿಲ್ತಿರಲಿಲ್ಲ.

ಕೊನೆಗೆ ನಮ್ಮ ಲ್ಯಾಬಲ್ಲೇ ಗೊತ್ತಾಗಿದ್ದು. ಬಿಳಿ ಕಾರ್ಡಿನ ಮೇಲೆ ಒಂದು ಹನಿ ಸೀರಂ ಅಂದ್ರೆ ರಕ್ತದ ತಿಳಿ, ಒಂದು ಹನಿ ಪರೀಕ್ಷೆಯ ಗುಲಾಬಿ ಬಣ್ಣದ ಆಂಟಿಜನ್ ದ್ರಾವಣ, ಕಡ್ಡಿಯಲ್ಲಿ ಕಲಸಿ 4 ನಿಮಿಷ ತೂಗಿದ್ವಿ. ರವೆ ಥರ ಒಡೆದು ನಿಂತಿತು, ಅಂದ್ರೆ ಪಾಸಿಟಿವ್. ಕಂದು ರೋಗ, ಬ್ರುಸೆಲ್ಲಾ.

ಹಸಿ ಹಾಲು ಮುಟ್ಟಬೇಡಿ, ಎಲ್ಲರಿಗೂ ಹೇಳ್ತಿದ್ದೀನಿ. ಅಭಿಷೇಕದ್ದು, ಪಂಚಾಮೃತದ್ದು ಅಂತ ವಿನಾಯಿತಿ ಬೇಡ, ಕಾಯಿಸಿ ಆರಿಸಿದ ಹಾಲಲ್ಲೇ ಮಾಡಿ. ಗಿಣ್ಣು ಒಳಗಿನವರೆಗೂ ಬೇಯಲಿ.

ಭಾವ ಇಷ್ಟಕ್ಕೂ ಬಗ್ಗಲಿಲ್ಲ. ಈ ರೋಗಕ್ಕೆ ಕೊಟ್ಟ ಡಾಕ್ಸಿಸೈಕ್ಲಿನ್ ಮಾತ್ರೆ ಒಂದು ಗುಟುಕು ನೀರಲ್ಲಿ ನುಂಗಿ ಮಲಗಿಬಿಡೋರು, ಅನ್ನನಾಳ ಸುಟ್ಟ ಹಾಗಾಯ್ತು. 6 ವಾರದ ಔಷಧಿ 3 ವಾರಕ್ಕೇ ನಿಲ್ಲಿಸಿದ್ರು, ರೋಗ ಮರುಕಳಿಸಿ ಸೊಂಟ ಹಿಡೀತು. ಅವರ ಹಸೂನೂ ಕಂದು ಹಾಕಿತ್ತು, ಅದು ಏನಾಯ್ತು ಗೊತ್ತಾ? ಸಂತೆಗೆ ಹೊಡೆದು, ಕಂದು ಹಾಕಿದ್ದು ಬಾಯಿಬಿಡದೆ ಇನ್ನೊಬ್ಬರ ಕೊಟ್ಟಿಗೆಗೆ ಮಾರಿಬಂದ್ರು. ಬೇಡ ಅಂದೆ ಅಂತ ಗೃಹಪ್ರವೇಶಕ್ಕೂ ನನ್ನ ಕರೀಲಿಲ್ಲ! ಈ ಗ್ರೂಪಲ್ಲೂ ಅಷ್ಟೇ. ಹೆಣ್ಣುಕರುವಿಗೆ 4ರಿಂದ 8 ತಿಂಗಳ ಒಳಗೆ ಈ ರೋಗಕ್ಕೆ ಜೀವಮಾನಕ್ಕೆ ಒಂದೇ ಲಸಿಕೆ, 2019ರಿಂದ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ ಅಂದ್ರೆ, ‘ಹಾಲು ಕಮ್ಮಿಯಾಗುತ್ತೆ’ ಅಂತ ಯಾರೋ ಹಾಕಿದ್ರಿ. 4 ತಿಂಗಳ ಕರು ಎಲ್ಲಿ ಹಾಲು ಕೊಡುತ್ತೆ ಮಹಾರಾಯ್ರಾ?

ಅಯ್ಯೋ, ನೀನು ಕೇಳಿದ್ದೇ ಮರೆತೆ ನೋಡು. ನಾಳೆ ಬೆಳಗ್ಗೆ ಹೋದ ತಕ್ಷಣ ಮೊದಲು ‘ಹಸು ಕಂದು ಹಾಕಿತ್ತು, ಸತ್ತೆ ಮುಟ್ಟಿದ್ದಾರೆ’ ಅನ್ನು. ಬ್ರುಸೆಲ್ಲಾ ರಕ್ತಪರೀಕ್ಷೆ ಕೇಳು. ಸೀರಂ ತೆಳು ಮಾಡುತ್ತಾ ನೋಡೋ ಟ್ಯೂಬ್ ಪರೀಕ್ಷೆಯಲ್ಲಿ 1:160 ಅಥವಾ ಮೇಲೆ ಬಂದ್ರೆ ಲಕ್ಷಣದ ಜೊತೆ ಸೇರಿಸಿ ಡಾಕ್ಟ್ರು ನಿರ್ಧಾರ ಮಾಡ್ತಾರೆ. ಕ್ರಿಮಿ ಬೆಳೆಸಿ ನೋಡೋ ಕಲ್ಚರಿಗೆ ರಕ್ತ ತೆಗೆಯೋದಾದ್ರೆ ಆಂಟಿಬಯಾಟಿಕ್ ಶುರುವಾಗೋ ಮುಂಚೆ, ಲ್ಯಾಬಿಗೂ ಅನುಮಾನ ಏನಂತ ಹೇಳಬೇಕು. ಕಲ್ಚರ್ ಬಾಟಲಿನಿಂದ ಲ್ಯಾಬಿನವರಿಗೂ ಅಂಟಬಹುದು. ಲಿವರ್ ಪರೀಕ್ಷೆನೂ ಆಗಲಿ. ಸಾಮಾನ್ಯವಾಗಿ ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆ 2 ಸಲ 6 ವಾರ, ಜೊತೆಗೆ ರಿಫಾಂಪಿಸಿನ್ ಮಾತ್ರೆನೋ ಸ್ಟ್ರೆಪ್ಟೋಮೈಸಿನ್ ಇಂಜೆಕ್ಷನ್ನೋ ಕೊಡ್ತಾರೆ. ಒಂದೇ ಮಾತ್ರೆ ಸಾಲಲ್ಲ. ಡಾಕ್ಸಿ ನುಂಗುವಾಗ ಊಟ ಆಗಿರಲಿ, ದೊಡ್ಡ ಲೋಟ ನೀರು, ಅರ್ಧ ಗಂಟೆ ಕೂತೇ ಇರಲಿ. ಹಾಲು, ಆಂಟಾಸಿಡ್, ಕಬ್ಬಿಣದ ಮಾತ್ರೆ 2 ಗಂಟೆ ದೂರ. ರಿಫಾಂಪಿಸಿನ್ ಕೊಟ್ರೆ ಮೂತ್ರ ಕಿತ್ತಳೆ ಬಣ್ಣ ಬರುತ್ತೆ, ಹೆದರಬೇಡ. ಕಣ್ಣು ಹಳದಿಯಾದ್ರೆ, ಹೊಟ್ಟೆನೋವು ಜೋರಾದ್ರೆ ಮಾತ್ರ ಅವತ್ತೇ ತೋರಿಸು.

ನಿನ್ನ ನಾದಿನಿ ಬಸುರಿ, ಅವಳನ್ನ ಕೊಟ್ಟಿಗೆ ಕಡೆ ಕಳಿಸಬೇಡ. ಹಸಿ ಹಾಲು ಯಾರೂ ಮುಟ್ಟಬೇಡಿ, ಚೆನ್ನಾಗಿ ಉಕ್ಕು ಬರಲಿ. ಕೆಂದಿ ರಕ್ತಾನೂ ಪರೀಕ್ಷೆಗೆ ಕೊಡು, ಫಲಿತಾಂಶ ಬರೋವರೆಗೆ ಬೇರೆ ಕಟ್ಟು. ಸಂತೆಗೆ ಮಾತ್ರ ಹೊಡೀಬೇಡ.