ಡ್ಯಾನ್ಯೂಬ್ ದಂಡೆಯಲ್ಲಿ ಇ-ಬೈಕ್: ಅರವತ್ತರ ಮೇಲೆ ಆಗುತ್ತಾ?

ನಿವೃತ್ತ ಮೇಷ್ಟ್ರು:
ಹೋದ ತಿಂಗಳು ರಿಟೈರ್ ಆದೆ. ಮಗಳು ಮ್ಯೂನಿಕ್‌ನಲ್ಲಿದ್ದಾಳೆ. ಜರ್ಮನಿಯ ಪಸ್ಸೌ ಊರಿನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಡ್ಯಾನ್ಯೂಬ್ ನದಿ ಪಕ್ಕದಲ್ಲೇ ಮೋಟಾರ್ ಇರುವ ಸೈಕಲ್, ಅಂದರೆ ಇ-ಬೈಕ್‌ನಲ್ಲಿ ಹೋಗೋಣ ಅಂತ ನಾನೂ ಮನೆಯವಳೂ ಅಂದುಕೊಂಡಿದ್ದೇವೆ, ಸುಮಾರು 320 ಕಿ.ಮೀ. ಇಬ್ಬರಿಗೂ ಮಂಡಿ ನೋವು. ಬೈಕ್ ಇಲ್ಲಿಂದಲೇ ಒಯ್ಯಬಹುದಾ?

ಗಾಲಿಗೌಡ:
ಸರ್, ಒಯ್ಯುವ ಯೋಚನೆ ಬಿಡಿ. 160 ವ್ಯಾಟ್-ಅವರ್ (ಬ್ಯಾಟರಿಯಲ್ಲಿ ಎಷ್ಟು ವಿದ್ಯುತ್ ಹಿಡಿಯುತ್ತದೆ ಅನ್ನೋ ಅಳತೆ) ದಾಟಿದ ಲಿಥಿಯಂ ಬ್ಯಾಟರಿಯನ್ನು ವಿಮಾನದಲ್ಲಿ ಪ್ರಯಾಣಿಕರು ತರುವಂತಿಲ್ಲ, ಇ-ಬೈಕ್‌ದು ಸಾಮಾನ್ಯವಾಗಿ 400-500 ಇರುತ್ತದೆ. ಪಸ್ಸೌನಲ್ಲೇ ಬಾಡಿಗೆಗೆ ಸಿಗುತ್ತದೆ. ಇನ್ನೊಂದು, ಅದು ನಮ್ಮ ಸ್ಕೂಟರ್ ಥರ ಅಲ್ಲ. ತುಳಿದರೆ ಮಾತ್ರ ಮೋಟಾರ್ ಜೊತೆ ಕೊಡುತ್ತದೆ, ಗಂಟೆಗೆ 25 ಕಿ.ಮೀ. ದಾಟಿದರೆ ಸುಮ್ಮನಾಗಿಬಿಡುತ್ತದೆ.

ಶಾಂತಕ್ಕ:
ನಾವು ಹೋಗಿದ್ದೆವು, ನನಗಾಗ 63. ದಾರಿ ಬಹುಪಾಲು ಸಮತಟ್ಟು, ನದಿ ಹರಿಯುವ ಕಡೆಗೇ ಹೋಗುವುದಲ್ವಾ. ದಿನಕ್ಕೆ 45 ಕಿ.ಮೀ. ಸಾಕು, ಜಾಸ್ತಿ ಬೇಡ. ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖೌ ಕಣಿವೆಯಲ್ಲಂತೂ ನಿಧಾನಿಸಿ, ಒಂದು ಕಡೆ ದ್ರಾಕ್ಷಿ ತೋಟ, ಇನ್ನೊಂದು ಕಡೆ ಏಪ್ರಿಕಾಟ್ ಮರ, ಜುಲೈನಲ್ಲಿ ಹಣ್ಣು ತಿಂದು ಕೈಯೆಲ್ಲ ಅಂಟು ಅಂಟು! ಕಷ್ಟ ಆಗಿದ್ದು ಒಂದೇ, ಒಂದು ಸಣ್ಣ ರೈಲ್ವೆ ಸ್ಟೇಷನ್‌ನಲ್ಲಿ ಲಿಫ್ಟ್ ಕೆಟ್ಟಿತ್ತು, 25 ಕೆ.ಜಿ. ಬೈಕನ್ನು ಮೆಟ್ಟಿಲ ಮೇಲೆ ಹೊತ್ತು ನಮ್ಮವರ ಸೊಂಟ ಹಿಡಿದುಕೊಂಡಿತು. ಬ್ಯಾಟರಿ ಬಿಚ್ಚಿ ಬೇರೆ ಒಯ್ಯಬೇಕು ಅಂತ ಆಮೇಲೆ ಹೊಳೆಯಿತು.

ನಿವೃತ್ತ ಮೇಷ್ಟ್ರು:
ಶಾಂತಕ್ಕ, ರಾತ್ರಿ ಚಾರ್ಜಿಂಗ್?

ಶಾಂತಕ್ಕ:
ಬ್ಯಾಟರಿ ಬಿಚ್ಚಿ ರೂಮಿಗೆ ತಂದು ಹಾಕುತ್ತಿದ್ದೆವು. ಬ್ಯಾಟರಿ ಬಿಚ್ಚುವ ಬೀಗದ ಕೈ ಮಾತ್ರ ಕಳೆಯಬೇಡಿ.