ಪದಚರ್ಚೆ: ರೈಫಲ್ಲಿನ ‘ನಿಖರ’ಕ್ಕೆ ಎರಡು ಪದ ಬೇಕು, ಜೊತೆಗೆ ಒದೆತ, ತಿರುಪು, ಬರಿಗೋವಿ

ಗೆಳೆಯರೇ,

ದೂರದ ಬೇಟೆಗೂ ಗುರಿ ಸ್ಪರ್ಧೆಗೂ ಒದಗುವ ಹಗುರ ರೈಫಲ್ ಆರಿಸುವುದು ಹೇಗೆ ಅಂತ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಸಾಲು ಸಾಲಿಗೂ ‘ನಿಖರ’ ಬಂದು ಕೂರುತ್ತಿದೆ. ತೊಂದರೆ ಏನಂದರೆ, ಅದು ಒಂದೊಂದು ಕಡೆ ಒಂದೊಂದು ಅರ್ಥ ಕೊಡುತ್ತಿದೆ.

ಒಂದು ರೈಫಲ್ಲಿನಿಂದ ಐದು ಗುಂಡು ಹಾರಿಸಿದಿರಿ ಅನ್ನಿ. ಐದೂ ಒಂದರ ಮೈಗೆ ಒಂದು ತಾಗಿಕೊಂಡು ಬಿದ್ದಿವೆ, ಆದರೆ ಹಲಗೆಯ ಎಡಮೂಲೆಯಲ್ಲಿ. ಇನ್ನೊಂದು ರೈಫಲ್ಲಿನ ಐದು ಗುಂಡು ನಡುಬಿಂದುವಿನ ಸುತ್ತಲೇ ಇವೆ, ಆದರೆ ಚೆಲ್ಲಾಪಿಲ್ಲಿ. ಎರಡಕ್ಕೂ ‘ನಿಖರವಲ್ಲ’ ಅಂದರೆ ಓದುವವರಿಗೆ ಏನು ತಿಳೀಬೇಕು? ಮೊದಲನೆಯದಕ್ಕೆ ಸ್ಕೋಪಿನ (ಗುರಿ ನೋಡುವ ದೂರದರ್ಶಕದ) ತಿರುಗಣೆಯನ್ನು ನಾಲ್ಕಾರು ಸಲ ಟಿಕ್ ಅನ್ನಿಸಿದರೆ ಗುಂಪು ಪೂರ್ತಿ ನಡುವಿಗೆ ಬರುತ್ತದೆ. ಎರಡನೆಯದಕ್ಕೆ ತಿರುಗಣೆಯಿಂದ ಏನೂ ಆಗಲ್ಲ. ನಳಿಗೆ, ತೋಟಾ, ಬಿಡಿಭಾಗಗಳನ್ನು ಕೂಡಿಸಿದ ರೀತಿ ಎಲ್ಲವನ್ನೂ ನೋಡಬೇಕಾಗುತ್ತದೆ. ರೈಫಲ್ ಕೊಳ್ಳುವಾಗ ದುಡ್ಡು ಕೊಡುವುದು ಗುಂಡುಗಳು ಒತ್ತಾಗಿ ಬೀಳುವ ಗುಣಕ್ಕೆ. ಅದಕ್ಕೇ ಬೇರೆ ಪದ ಬೇಕು ಅನ್ನುತ್ತಿದ್ದೇನೆ.

ಗುರಿಕಾರರು ಮಾತಾಡುವಾಗ ‘ಗ್ರೂಪ್ ಟೈಟಾಗಿದೆ’ ಅನ್ನುತ್ತಾರೆ. ಹಾಗಾದರೆ ‘ಗುಂಪು ಬಿಗಿಯಾಗಿದೆ’ ಅನ್ನಬಹುದಲ್ವಾ? ನಡುಬಿಂದುವಿಗೆ ತಾಗುವುದು ‘ನಿಖರ’, ಒತ್ತಾಗಿ ಬೀಳುವುದು ‘ಬಿಗಿ’. ವಾಕ್ಯದಲ್ಲಿ ಸಲೀಸಾಗಿ ಕೂರುತ್ತದೆ. ರೈಫಲ್ಲಿಗೆ ವಿಶೇಷಣ ಮಾಡಲು ಹೋದರೆ ಮಾತ್ರ ಎಡವಟ್ಟು. ‘ಬಿಗಿ ರೈಫಲ್’ ಅಂದರೆ ಎಲ್ಲೋ ತುಕ್ಕು ಹಿಡಿದು ಸಿಕ್ಕಿಕೊಂಡ ಹಾಗೆ ಕೇಳುತ್ತದೆ. ‘ಬಿಗಿಗುರಿ ರೈಫಲ್’ ಹೇಗೆ?

ಈ ಬಿಗಿಯನ್ನು ಅಳೆಯುವುದು ಕೋನದಲ್ಲಿ. ಒಂದು ಡಿಗ್ರಿಯ 60ನೇ ಒಂದು ಪಾಲು. 100 ಮೀಟರಿನಲ್ಲಿ ಅದು ಸುಮಾರು 2.9 ಸೆಂ.ಮೀ., 300 ಮೀಟರಿನಲ್ಲಿ 8.7 ಸೆಂ.ಮೀ. ಅಂತರರಾಷ್ಟ್ರೀಯ 300 ಮೀಟರ್ ಸ್ಪರ್ಧೆಯ ಹಲಗೆಯಲ್ಲಿ ಹತ್ತು ಅಂಕದ ವೃತ್ತ ಇರುವುದೇ 10 ಸೆಂ.ಮೀ. ಅಗಲ. ಅಂದರೆ ಅಷ್ಟು ಬಿಗಿಯ ರೈಫಲ್ಲೇ ಆ ವೃತ್ತವನ್ನು ಹೆಚ್ಚುಕಮ್ಮಿ ತುಂಬಿಬಿಡುತ್ತದೆ; ಹೊಡೆಯುವವರ ಕೈನಡುಕಕ್ಕೆ ಜಾಗವೇ ಇಲ್ಲ. ಈ ಅಳತೆಗೆ ನಾವು ‘ನಿಮಿಷ’ ಅನ್ನಬೇಕು. ‘ಒಂದು ನಿಮಿಷದ ರೈಫಲ್’ ಅಂದರೆ ಗಡಿಯಾರ ನೆನಪಾಗುತ್ತದೆ. ಹಳೆಯ ಜ್ಯೋತಿಷ ಗಣಿತದಲ್ಲಿ ಇದಕ್ಕೆ ‘ಕಲೆ’ ಅಂತಿತ್ತು. ‘ಒಂದು ಕಲೆಯ ರೈಫಲ್’ ಅಂತ ಬರೆದು ನೋಡಿದೆ. ಎಣ್ಣೆ ಚೆಲ್ಲಿ ಕೆಟ್ಟುಹೋದ ಹಾಗಿತ್ತು. ಸದ್ಯಕ್ಕೆ ಇಂಗ್ಲಿಷಿನ ‘ಮಿನಿಟ್ ಆಫ್ ಆಂಗಲ್’ ಅನ್ನುವುದರ ಮೊಟಕು ರೂಪ ‘ಎಂಓಎ’ ಅಂತಲೇ ಇಟ್ಟಿದ್ದೇನೆ.

ಇನ್ನು ‘ಹಗುರ’. ಕಂಪನಿಯವರು ಹೇಳುವ ತೂಕ ಬರೀ ಕೋವಿಯದು, 2.7 ಕೆ.ಜಿ. ಅಂತಿಟ್ಟುಕೊಳ್ಳಿ. ಅದಕ್ಕೆ ಸ್ಕೋಪ್, ಅದನ್ನು ಹಿಡಿಯುವ ಬಳೆಗಳು, ಹೆಗಲಪಟ್ಟಿ, ಮುಂದಿನ ಕವಲುಗಾಲು, ತೋಟಾಗಳು ಸೇರಿದರೆ 4 ಕೆ.ಜಿ. ಮುಟ್ಟುತ್ತದೆ. ಗುಡ್ಡ ಹತ್ತುವವರು ಹೊರುವುದು ಈ 4 ಕೆ.ಜಿ.ಯನ್ನೇ. ಬರಿಗೈ, ಬರಿಗಾಲು ಇರುವ ಹಾಗೆ ‘ಬರಿಗೋವಿ ತೂಕ’ ಅಂದರೆ ಈ ವ್ಯತ್ಯಾಸ ಒಂದೇ ಪದದಲ್ಲಿ ಮುಗಿಯುತ್ತದೆ. ಈ ಪದದ ಮೇಲೆ ನನಗೆ ಸ್ವಲ್ಪ ಮೋಹ ಜಾಸ್ತಿ, ಬೈಯಬೇಡಿ.

ಹಗುರವಾದಷ್ಟೂ ಕೋವಿ ಜೋರಾಗಿ ಒದೆಯುತ್ತದೆ. ಅದೇ ತೋಟಾವನ್ನು 6 ಕೆ.ಜಿ. ಕೋವಿಯ ಬದಲು 3 ಕೆ.ಜಿ. ಕೋವಿಯಲ್ಲಿ ಹಾರಿಸಿದರೆ ಹೆಗಲಿಗೆ ಬರುವ ಶಕ್ತಿ ಸುಮಾರು ಎರಡರಷ್ಟು. ಬಳಕೆಯಲ್ಲಿ ಇದು ‘ಒದೆ’. ‘ಕೋವಿ ಒದೀತು’ ಅಂದರೆ ಸಾಕು. ಪುಸ್ತಕದ ಭಾಷೆಯಲ್ಲಿ ‘ಪ್ರತಿಕ್ಷೇಪ’ ಅಂತೆಲ್ಲ ಬರೆದರೆ ನೋವೇ ಕಾಣಲ್ಲ. ನಾನು ‘ಒದೆತ’ ಅಂತ ಬಳಸಿದ್ದೇನೆ. ಒದೆತಕ್ಕೆ ಹೆದರಿ ಗುಂಡು ಹಾರುವ ಮೊದಲೇ ಹೆಗಲು ಸೆಟೆಸುವ, ಕಣ್ಣು ಮುಚ್ಚುವ ಚಾಳಿ ಇದೆಯಲ್ಲ, ಅದಕ್ಕೆ ‘ಬೆಚ್ಚುವುದು’ ಅಂದರೆ ಸಾಕೇ, ‘ಅಳುಕು’ ವಾಸಿಯೇ? ಹಗುರ ಕೋವಿಯಲ್ಲಿ ಗುಂಪು ಕೆಡಲು ಇದು ದೊಡ್ಡ ಕಾರಣ. ಹಾಗಾಗಿ ಪದ ಸರಿಯಾಗಿರಬೇಕು.

ತೂಕ ಉಳಿಸಲು ನಳಿಗೆಯನ್ನು ತೆಳ್ಳಗೆ ಮಾಡುತ್ತಾರೆ. ತೆಳು ನಳಿಗೆ ಬೇಗ ಕಾಯುತ್ತದೆ, ಕಾದಂತೆ ಗುಂಪು ಹರಡುತ್ತದೆ. ಸ್ಪರ್ಧೆಯಲ್ಲಿ ಸಾಲಾಗಿ ಇಪ್ಪತ್ತು ಗುಂಡು ಹಾರಿಸುವವರಿಗೆ ಇದು ಪೀಕಲಾಟ. ಬೇಟೆಯಲ್ಲಿ ಲೆಕ್ಕಕ್ಕೆ ಬರುವುದು ಮೊದಲ ಈಡು, ಅದೂ ತಣ್ಣಗಿರುವ ನಳಿಗೆಯಿಂದ. ‘ಈಡು’ ಇಲ್ಲಿ ಎಷ್ಟು ಚೆಂದ ಕೂರುತ್ತದೆ ನೋಡಿ. ‘ತಣ್ಣಳಿಗೆ’ ಅಂತ ಯಾರಾದರೂ ಸಂಧಿ ಮಾಡುವ ಮೊದಲೇ ಹೇಳಿಬಿಡುತ್ತೇನೆ, ನನಗೆ ಬೇಡ.

ಎಲ್ಲಕ್ಕಿಂತ ಎಚ್ಚರ ಬೇಕಾದ್ದು ‘ಕ್ಯಾಲಿಬರ್’. ಗುಂಡಿನ ಅಗಲಕ್ಕೂ ತೋಟಾದ ಹೆಸರಿಗೂ ಇದನ್ನೇ ಬಳಸುತ್ತಾರೆ. ಪತ್ರಿಕೆಗಳಲ್ಲಿ ಗುಂಡಿಗೂ ತೋಟಾಕ್ಕೂ ‘ಗುಂಡು’ ಅಂತಲೇ ಬರೆಯುತ್ತಾರೆ. ಗುಂಡು ಅಂದರೆ ಹಾರಿಹೋಗುವ ತುದಿ ಮಾತ್ರ. ಹಿತ್ತಾಳೆಯ ಚಿಪ್ಪು, ಮದ್ದು, ಬಡಿದಾಗ ಮದ್ದಿಗೆ ಕಿಡಿ ಹೊತ್ತಿಸುವ ಹಿಂದಿನ ಕೇಪು, ಗುಂಡು ಎಲ್ಲ ಸೇರಿ ತೋಟಾ. 1906ರ .30-06 ಸ್ಪ್ರಿಂಗ್‌ಫೀಲ್ಡ್, 1952ರ .308 ವಿಂಚೆಸ್ಟರ್, 1963ರ .300 ವಿಂಚೆಸ್ಟರ್ ಮ್ಯಾಗ್ನಮ್ ಮೂರರಲ್ಲೂ ಗುಂಡಿನ ಅಗಲ ಒಂದೇ, 7.82 ಮಿ.ಮೀ. ತೋಟಾ ಮಾತ್ರ ಮೂರು ಬೇರೆ. ಒಂದರ ತೋಟಾವನ್ನು ಇನ್ನೊಂದರ ಕೋವಿಗೆ ಹಾಕಿದರೆ ಚಿಪ್ಪು ಒಡೆದು ಬಿಸಿ ಅನಿಲ ಮುಖಕ್ಕೆ ನುಗ್ಗಬಹುದು. 2007ರಲ್ಲಿ ಬಂದ 6.5 ಕ್ರೀಡ್‌ಮೋರ್ ತೋಟಾದ ಹೆಸರಲ್ಲಿ 6.5 ಇದ್ದರೂ ಗುಂಡಿನ ಅಗಲ 6.71 ಮಿ.ಮೀ. ಒದೆತ ಕಮ್ಮಿ, ಗುಂಡು ಉದ್ದ ಮತ್ತು ಸಪೂರ, ಗಾಳಿ ಬೀಸಿದರೂ ಅಷ್ಟಾಗಿ ಪಕ್ಕಕ್ಕೆ ಸರಿಯುವುದಿಲ್ಲ. ಹಗುರ ಕೋವಿಗೆ ನನ್ನ ಮೊದಲ ಆಯ್ಕೆ ಇದೇ. ಹೆಸರನ್ನು ಅಳತೆ ಅಂತ ಓದಬಾರದು ಅಷ್ಟೇ. ಅದಕ್ಕೇ ಕೈಪಿಡಿಯಲ್ಲಿ ‘ಕ್ಯಾಲಿಬರ್’ ಬಿಟ್ಟು, ಬೇಕಾದ ಕಡೆ ‘ಗುಂಡಿನ ಅಗಲ’ ಅಂತಲೋ ‘ತೋಟಾದ ಹೆಸರು’ ಅಂತಲೋ ಬಿಡಿಸಿ ಬರೆಯೋಣ ಅಂತಿದ್ದೇನೆ. ಒಪ್ಪುತ್ತೀರಾ?

ಗುಂಡನ್ನು ಗಿರಗಿರ ತಿರುಗಿಸುವ, ನಳಿಗೆಯೊಳಗಿನ ಸುರುಳಿ ಗೀರಿಗೆ ‘ತಿರುಪು’ ಸರಿಯಾಗಿ ಹೊಂದುತ್ತದೆ. 6.5 ಕ್ರೀಡ್‌ಮೋರಿಗೆ ಸಾಮಾನ್ಯವಾಗಿ 8 ಇಂಚಿಗೆ ಒಂದು ತಿರುಪು (ಅಂದರೆ ಒಂದು ಪೂರ್ತಿ ಸುತ್ತು), .308ಕ್ಕೆ 10ರಿಂದ 12 ಇಂಚಿಗೆ ಒಂದು. ಉದ್ದ ಗುಂಡು ತಲೆಕೆಳಗಾಗದೆ ಹಾರಬೇಕಾದರೆ ತಿರುಪು ಒತ್ತಾಗಿರಬೇಕು. ಇದನ್ನು ‘ವೇಗದ ತಿರುಪು’ ಅಂತ ಬರೆದವರೂ ಇದ್ದಾರೆ. ಅಂಕಿ ಸಣ್ಣದಾದಷ್ಟೂ ವೇಗ ಜಾಸ್ತಿ ಅಂದರೆ ಓದುವವರು ಗಲಿಬಿಲಿಯಾಗುತ್ತಾರೆ. ಒತ್ತು ತಿರುಪು, ಸಡಿಲ ತಿರುಪು ಅಂದರೆ ತಿರುಪುಮೊಳೆಯ ಸುರುಳಿ ಗೀರು ನೋಡಿದವರಿಗೆ ತಟ್ಟನೆ ಹೊಳೆಯುತ್ತದೆ.

ಎರಡು ಪದ ನನಗೆ ಇನ್ನೂ ಬಗೆಹರಿದಿಲ್ಲ.

‘ಕುದುರೆ’. ಕೆಲವರಿಗೆ ಇದು ಬೆರಳಲ್ಲಿ ಎಳೆಯುವ ಭಾಗ, ಕೆಲವರಿಗೆ ಕೇಪಿನ ಮೇಲೆ ಬಡಿಯುವ ಭಾಗ. ಈಗಿನ ಬೋಲ್ಟ್ ರೈಫಲ್ಲುಗಳಲ್ಲಿ ಬಡಿಯುವ ಸುತ್ತಿಗೆಯೇ ಇಲ್ಲ; ಬಡಿಯುವ ಸೂಜಿ ಬೋಲ್ಟಿನ (ನಳಿಗೆಯ ಹಿಂಬದಿ ಮುಚ್ಚುವ ಅಗುಳಿಯ) ಒಳಗಿರುತ್ತದೆ. ಹಾಗಿದ್ದರೆ ಎಳೆಯುವ ಭಾಗಕ್ಕೇ ‘ಕುದುರೆ’ ಅಂತ ಗಟ್ಟಿ ಮಾಡಬಹುದೇ, ಸುಮ್ನೆ ‘ಟ್ರಿಗರ್’ ಅಂತ ಬಿಡುವುದೇ?

ಇನ್ನೊಂದು, ನಳಿಗೆಯನ್ನು ಹೊತ್ತು ಹೆಗಲವರೆಗೆ ಬರುವ ಇಡೀ ಚೌಕಟ್ಟು. ‘ಹಿಡಿ’ ಅಂದರೆ ಅಂಗೈ ಹಿಡಿಯುವ ಜಾಗ ಮಾತ್ರ ಅನ್ನಿಸುತ್ತದೆ. ‘ಬಟ್ಟು’ ಹಿಂತುದಿಗಷ್ಟೇ ಸಲ್ಲುತ್ತದೆ. ‘ಮರ’ ಅನ್ನೋಣ ಅಂದರೆ ಹಗುರ ರೈಫಲ್ಲುಗಳಲ್ಲಿ ಅದು ಕಾರ್ಬನ್ ನಾರಿನದು. ಕೋವಿ ಬಳಸುವವರ ಬಾಯಲ್ಲಿ ಇದಕ್ಕೆ ಬೇರೆ ಪದ ಕೇಳಿದ್ದರೆ ದಯವಿಟ್ಟು ತಿಳಿಸಿ. ಹೊಸದಾಗಿ ಹೊಸೆದದ್ದಕ್ಕಿಂತ ಬಳಕೆಯಲ್ಲಿ ಇರುವುದೇ ಸಿಕ್ಕರೆ ಒಳ್ಳೆಯದು.