ಅಪ್‌ಡೇಟ್: ವಿವಿಯಿಂದ ಅರ್ಜಿದಾರರ ಮಾಹಿತಿ ಸೋರಿಕೆ, ಪಾಸ್‌ವರ್ಡ್ ಬದಲಿಸಿದರೆ ಸಾಕೇ?

ಪ್ರವೇಶಕ್ಕೆ ಅರ್ಜಿ ಹಾಕಿದ್ದ ವಿಶ್ವವಿದ್ಯಾಲಯದಿಂದ ಆಧಾರ್, ಪ್ಯಾನ್, ಅಂಕಪಟ್ಟಿ ಸೋರಿಕೆಯಾಗಿವೆ, ಪಾಸ್‌ವರ್ಡ್ ಬದಲಿಸಿದರೆ ಸಾಕೇ ಅಂತ ಕೇಳಿದ್ದೆ. ಸಾಲದು. ಪ್ಯಾನ್ ನಂಬರ್, ಹುಟ್ಟಿದ ದಿನಾಂಕ ಬದಲಾಗಲ್ಲವಲ್ಲ.

ಮೊದಲು ಆಧಾರ್‌ನ ಅಧಿಕೃತ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿ. ಆದರೆ ಇದು ತಡೆಯೋದು ಬೆರಳಚ್ಚು, ಕಣ್ಣುಪಾಪೆ, ಮುಖದ ದೃಢೀಕರಣ ಮಾತ್ರ. ಒಟಿಪಿ ದಾರಿ ತೆರೆದೇ ಇರುತ್ತೆ. ಅದನ್ನೂ ಮುಚ್ಚಬೇಕಿದ್ದರೆ ಆಧಾರ್ ನಂಬರನ್ನೇ ಲಾಕ್ ಮಾಡಬೇಕು. ಅದಕ್ಕೂ ಮುಂಚೆ 16 ಅಂಕಿಯ ವಿಐಡಿ (ಆಧಾರ್ ನಂಬರ್ ಬದಲು ಬಳಸುವ ವರ್ಚುವಲ್ ಐಡಿ) ಪಡೆದು ಬರೆದಿಟ್ಟುಕೊಳ್ಳಿ, ಅನ್‌ಲಾಕ್‌ಗೆ ಅದೇ ಬೇಕು. ಪಡಿತರ ಅಂಗಡಿಯಲ್ಲಿ ಬೆರಳು ಒತ್ತುವವರು ಹೊರಡುವ ಮುಂಚೆ ಬಯೋಮೆಟ್ರಿಕ್ ಲಾಕನ್ನು ತಾತ್ಕಾಲಿಕವಾಗಿ ತೆಗೆಯಿರಿ, ಇಲ್ಲದಿದ್ದರೆ 330 ಎರರ್ ಬರುತ್ತೆ.

ಪ್ಯಾನ್‌ಗೆ ಇಂಥ ಬೀಗ ಇಲ್ಲ, ನನಗೆ ಹೆಚ್ಚು ಆತಂಕ ಇರೋದೂ ಅದರ ಬಗ್ಗೆಯೇ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್, ನಮ್ಮ ಸಾಲದ ದಾಖಲೆ ಇಡುವ ಈ ನಾಲ್ಕೂ ಕ್ರೆಡಿಟ್ ಬ್ಯೂರೋಗಳು ವರ್ಷಕ್ಕೊಂದು ಪೂರ್ಣ ಕ್ರೆಡಿಟ್ ರಿಪೋರ್ಟ್ ಉಚಿತವಾಗಿ ಕೊಡಬೇಕು. ಒಂದೇ ಸಲ ತೆಗೆಯದೆ ಮೂರು ತಿಂಗಳಿಗೊಂದರಂತೆ ತೆಗೆಯಿರಿ. ಅದರಲ್ಲಿ ‘ಎನ್‌ಕ್ವೈರಿ’ ಭಾಗ ನೋಡಿ: ನೀವು ಕಾಲಿಡದ ಸಾಲದ ಕಂಪನಿಯ ಹೆಸರು ಅಲ್ಲಿದ್ದರೆ, ನಿಮ್ಮ ಪ್ಯಾನ್ ಮೇಲೆ ಯಾರೋ ಸಾಲ ಕೇಳಿರಬಹುದು. ತಕ್ಷಣ ಅದೇ ಬ್ಯೂರೋದಲ್ಲಿ ಡಿಸ್ಪ್ಯೂಟ್ (ಆಕ್ಷೇಪಣೆ) ಹಾಕಿ.

ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಿ. ಅರ್ಜಿ ಸಂಖ್ಯೆ ಸರಿಯಾಗಿ ಹೇಳಿ ‘ಶುಲ್ಕ ವಾಪಸ್’ ಅಂತ ಕರೆ ಮಾಡುವವರನ್ನು ನಂಬಬೇಡಿ, ಆ ಸಂಖ್ಯೆಯೂ ಸೋರಿದೆ. ಹಣ ಹೋದರೆ ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಕರೆ ಮಾಡಿ.